ಕಚ್ಚಿಟ್ಟ ರೊಟ್ಟಿ

"ತಿಂದಿಲ್ಲ."

"ತಿಂದಿದಾರೆ."

"ತಿಂದಿಲ್ಲ ಅಂದ್ನಲ್ಲ."

ಫರ್ಗಾನಾ ಆಸ್ಪತ್ರೆಯ ರಕ್ತ ತೆಗೆಯುವ ಕೋಣೆ. ಸೂಜಿ ಹಿಡಿದು ನಿಂತಿದ್ದ ಹುಡುಗಿ ಮೋಹಿಗುಲ್ ಒಮ್ಮೆ ನನ್ನ ಮುಖ ನೋಡಿದಳು, ಒಮ್ಮೆ ನನ್ನ ಗಂಡನ ಮುಖ. ಏಪ್ರಿಕಾಟ್ ಹಣ್ಣಾಗುವಾಗ ನಮ್ಮೂರು ರಿಷ್ಟಾನಿನಿಂದ ಇಲ್ಲಿಗೆ ಬಸ್ಸು ಓಡಿಸುತ್ತಿದ್ದ ಮನುಷ್ಯ, ದ್ರಾಕ್ಷಿ ಹಣ್ಣಾಗುವಷ್ಟರಲ್ಲಿ ನಮ್ಮ ಬೀದಿಯಲ್ಲೇ ದಾರಿ ತಪ್ಪಿದ್ದರು. ಮರೆವು ಇಷ್ಟು ಬೇಗ ಏರಿದರೆ ಯಾಕೆ ಅಂತ ಹುಡುಕಬೇಕು, ಕೆಲವು ಕಾರಣಗಳಿಗೆ ಮದ್ದಿದೆ ಅಂದಿದ್ದರು ಡಾಕ್ಟರು. ಅದಕ್ಕೇ ಬಂದಿದ್ದೆವು. ಅವರು ನನ್ನ ಜೊತೆ ಸರಿಯಾಗಿ ಜಗಳವಾಡಿದ್ದು ಅದೇ ಕೊನೆ.

ಮೋಹಿಗುಲ್: ದೊಡ್ಡಪ್ಪ, ಖಾಲಿ ಹೊಟ್ಟೇಲಿ ಬರಬೇಕು ಅಂತ ಹೇಳಿರ್ಲಿಲ್ವಾ?

ಅವರು: ಖಾಲಿ ಹೊಟ್ಟೇಲೇ ಬಂದಿದೀನಿ. ಬೇಕಾದ್ರೆ ತಟ್ಟಿ ನೋಡು.

ನಾನು: ಬೆಳಿಗ್ಗೆ ಬಾಗಿಲಲ್ಲಿ ನಿಂತು ರೊಟ್ಟಿ ಕಚ್ಚಿದ್ರಲ್ಲ.

ಮೋಹಿಗುಲ್: (ಬರೆಯುತ್ತಾ) ತಿಂದಿದ್ದು ಮರೆತಿದಾರೆ.

ಅವರು: ಏನೂ ಮರೆತಿಲ್ಲ. ಹೊಡೆದುಹಾಕು ಅದನ್ನ. ಕಚ್ಚೋದು ಬೇರೆ, ತಿನ್ನೋದು ಬೇರೆ. ನಮ್ಮ ಕಡೆಯವಳು ತಾನೇ ನೀನು? ಊರು ಬಿಡೋನು ರೊಟ್ಟೀನ ಒಂದು ಕಡೆ ಕಚ್ತಾನೆ. ಉಳಿದಿದ್ದನ್ನ ಮೊಳೆಗೆ ನೇತುಹಾಕ್ತಾರೆ. ವಾಪಸು ಬಂದ್ಮೇಲೆ ಅವನೇ ಮುಗಿಸ್ತಾನೆ. ತಿನ್ನೋದು ಅಂದ್ರೆ ಅದು.

ಮೋಹಿಗುಲ್: ನಮ್ಮಣ್ಣ ಸೈನ್ಯಕ್ಕೆ ಹೋಗೋವಾಗ ಕಚ್ಚಿದ್ದ.

ಅವರು: ಹಾಂ, ಸೈನ್ಯಕ್ಕೆ. ಇವಳು ಫರ್ಗಾನಾಗೆ ಹೋಗೋನ ಬಾಯಿಗೆ ತುರುಕಿದ್ಲು. ಜೀವಮಾನವೆಲ್ಲ ಈ ಹಾದೀಲಿ ಬಸ್ಸು ಓಡಿಸಿದೀನಿ. ದಿನಾ ಕಚ್ಚಿದ್ರೆ ಮನೇಲಿ ಗೋಡೆ ಕಾಣ್ತಿರ್ಲಿಲ್ಲ.

ನಾನು: ಈ ಸಲ ಆಸ್ಪತ್ರೇಲಿ ಉಳ್ಕೋಬೇಕು ಅಂದಿದಾರೆ. ವಾಪಸು ಬರ್ಲಿ ಅಂತ ಕಚ್ಚಿಸ್ದೆ. ತಪ್ಪಾ?

ಮೋಹಿಗುಲ್: ನುಂಗಿದ್ರಾ ದೊಡ್ಡಪ್ಪ?

ಅವರು: ಇಲ್ಲ. ಮನೆ ಗೇಟಿನ ಹತ್ರ ಗುಬ್ಬಚ್ಚಿಗೆ ಕೊಟ್ಟೆ. ಖಾಲಿ ಹೊಟ್ಟೆ ಅನ್ನೋದು ನನಗೆ ನೆನಪಿತ್ತು. ಮರೆತವಳು ಇವಳು. ಇವಳ ರಕ್ತಾನೂ ತಗೋ.

ಮೋಹಿಗುಲ್ ಬಾಯಿ ಮುಚ್ಚಿಕೊಂಡು ನಕ್ಕು, ಬರೆದದ್ದನ್ನು ಹೊಡೆದುಹಾಕಿದಳು. ಬಣ್ಣಬಣ್ಣದ ಮುಚ್ಚಳದ ಸೀಸೆಗಳನ್ನು ಸಾಲಾಗಿ ಇಟ್ಟಳು.

ಅವರು: ಇಷ್ಟೊಂದಾ? ಹಿಂಡಿ ಒಣಗಿಸ್ತೀಯಾ ನನ್ನ?

ಮೋಹಿಗುಲ್: ಇದು ಥೈರಾಯ್ಡಿಗೆ. ಇದು ವಿಟಮಿನ್ನಿಗೆ. ಇದು ಸಿಫಿಲಿಸ್‌ಗೆ.

ನಾನು: ಅದೇನದು?

ಹುಡುಗಿ ಗೋಡೆ ನೋಡುತ್ತಾ ಹೇಳಿದಳು.

ಮೋಹಿಗುಲ್: ಕಂಡಕಂಡವರ ಸಹವಾಸ ಮಾಡಿದ್ರೆ ಬರುತ್ತೆ, ದೊಡ್ಡಮ್ಮ. ಅದೂ ತಲೆಗೆ ಏರುತ್ತೆ. ಎಲ್ಲರಿಗೂ ನೋಡ್ತೀವಿ.

ಅವರು: ಆ ಸೀಸೆ ಎತ್ತಿಡು. ಮಾನ ಇರೋನು ನಾನು.

ನಾನು: ಯಾಕೆ ಎತ್ತಿಡ್ಬೇಕು? ಕೋಕಂದಲ್ಲಿ ರಾತ್ರಿ ಉಳೀತಿದ್ರಲ್ಲ.

ಅವರು: ಬಸ್ಸಲ್ಲೇ ಮಲಗ್ತಿದ್ದೆ. ಟೈರು ಕಾಯ್ಕೊಂಡು.

ನಾನು: ಆ ಟೈರಿನ ಹೆಸರೇನು?

ಮೋಹಿಗುಲ್: ಜಗಳ ಬೇಡಿ. ಅದೇ ಇದ್ರೆ ಒಳ್ಳೇದು, ದೊಡ್ಡಮ್ಮ. ಪೆನ್ಸಿಲಿನ್ ಇದೆ. ಥೈರಾಯ್ಡಿಗೂ ವಿಟಮಿನ್ನಿಗೂ ಮದ್ದಿದೆ. ಇವೆಲ್ಲ ಆದ್ಮೇಲೆ ಬೆನ್ನುಮೂಳೆಯಿಂದ ನೀರು ತೆಗೀತಾರೆ. ಅದರಲ್ಲಿ ಒಂದು ರೋಗ ಸಿಗಬಹುದು. ಅದಕ್ಕೆ ಮಾತ್ರ ಏನೂ ಇಲ್ಲ.

ನಾನು ಅವರ ಅಂಗಿಯ ತೋಳು ಮೇಲೆ ಸರಿಸಿದೆ.

ನಾನು: ಹಾಗಾದ್ರೆ ಆ ಸಹವಾಸದ ರೋಗಾನೇ ಇರ್ಲಿ. ಹೇಳಿಬಿಡಿ, ಯಾರವಳು? ನಾನೇನೂ ಅನ್ನಲ್ಲ.

ಅವರು: ಯಾರೂ ಇಲ್ಲ ಕಣೆ.

ನಾನು: ಒಬ್ಬಳೂ? ಸರಿಯಾಗಿ ನೆನಪು ಮಾಡ್ಕೊಳ್ಳಿ. ಮರೆತಿರ್ತೀರಾ.

ಅವರು: ನೋಡು ಮಗಳೇ, ಇದನ್ನ ಬರ್ಕೋ. ಇನ್ನೊಬ್ಬಳ ಕಡೆ ನೋಡಿದ್ರೆ ಕಣ್ಣು ಕೀಳ್ತೀನಿ ಅಂತಿದ್ದವಳು ಇವಳು. ಈಗ ಒಬ್ಬಳಾದ್ರೂ ಇರ್ಲಿ ಅಂತ ಬೇಡ್ಕೋತಿದಾಳೆ. ತಲೆ ಕೆಟ್ಟಿರೋದು ಯಾರಿಗೆ?

ಒಂದೊಂದೇ ವರದಿ ಬಂತು. ಥೈರಾಯ್ಡ್ ಸರಿ ಇತ್ತು. ವಿಟಮಿನ್ ಸರಿ ಇತ್ತು. ಸಿಫಿಲಿಸ್ ಇರಲಿಲ್ಲ. ನನ್ನ ಗಂಡ ಸುಳ್ಳು ಹೇಳಿರಲಿಲ್ಲ. ಆಸ್ಪತ್ರೆಯ ಅಂಗಳದಲ್ಲಿ ಕೂತು ಅತ್ತೆ. ಗಂಡ ಒಳ್ಳೆಯವನು ಅಂತ ತಿಳಿದು ಯಾರಾದರೂ ಹಾಗೆ ಅಳುತ್ತಾರಾ. ಬೆನ್ನಿನ ನೀರು ಪರೀಕ್ಷೆಗೆ ದೂರದ ಊರಿಗೆ ಹೋಗಿತ್ತು. ಮದ್ದಿಲ್ಲದ್ದು ಅದರಲ್ಲಿ ಸಿಕ್ಕಿತು.

ಮನೆಗೆ ಕರೆತಂದೆ. ಆಗಲೇ ಅವರ ಮಾತು ಕಡಿಮೆಯಾಗಿತ್ತು. ಮೊಳೆಯಿಂದ ರೊಟ್ಟಿ ಇಳಿಸಿ, ಚಹಾದ ಜೊತೆ ಮುಂದಿಟ್ಟೆ.

ನಾನು: ಬಂದ್ರಲ್ಲ. ಮುಗಿಸಿ.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು.

ಅವರು: ಯಾರು ಕಚ್ಚಿದ್ದು ಇದು?

ನಾನು: ನೀವೇ.

ಅವರು: ನಾನಲ್ಲ. ಯಾರೋ ಊರಿಗೆ ಹೋಗಿದಾರೆ. ನಾನು ತಿಂದ್ರೆ ಅವರು ವಾಪಸು ಬರೋದು ಹೇಗೆ? ತಗೊಂಡು ಹೋಗಿ ನೇತುಹಾಕಮ್ಮ.

ನನಗೆ ಅಮ್ಮ ಅಂದರು, ಪಕ್ಕದ ಮನೆಯವಳಿಗೆ ಹೇಳುವ ಹಾಗೆ. ಪದ್ಧತಿ ಮಾತ್ರ ಒಂದಿಷ್ಟೂ ತಪ್ಪಲಿಲ್ಲ. ನೇತುಹಾಕಿದೆ.

ಹಿಮ ಬೀಳುವ ಮೊದಲೇ ಹೋದರು. ಏನನ್ನೂ ಕಚ್ಚದೆ.

ರೊಟ್ಟಿ ಈಗ ಕಲ್ಲಾಗಿದೆ. ದಿನಾ ಬೆಳಿಗ್ಗೆ ಅಂಗಳ ಗುಡಿಸಿ ಬಂದು ಅದನ್ನು ಇಳಿಸುತ್ತೇನೆ, ಧೂಳು ಒರೆಸುತ್ತೇನೆ, ಇರುವೆ ಹತ್ತಿದೆಯಾ ಅಂತ ನೋಡುತ್ತೇನೆ. ಗೇಟಿನ ಮೇಲೆ ಗುಬ್ಬಚ್ಚಿಗಳು ಕಾಯುತ್ತಿರುತ್ತವೆ. ಅವಕ್ಕೆ ಬೇರೆ ರೊಟ್ಟಿ ಮುರಿದು ಹಾಕಿ, ಇದನ್ನು ಮತ್ತೆ ಮೊಳೆಗೆ ಸಿಕ್ಕಿಸುತ್ತೇನೆ.