ಗೋಡೆಯ ಮೇಲೆ ಮಾವನ ಬೆನ್ನು

ನಮ್ಮ ಸೋದರಮಾವನಷ್ಟು ಮರ್ಯಾದೆಗೇಡಿ ಖಾನಾವಳಿ ಮಾಲೀಕ ಇಡೀ ಆಳಂದದಲ್ಲಿ ಇನ್ನೊಬ್ಬ ಇರಲಿಲ್ಲ. ಗಿರಾಕಿಗಳು ಊಟಕ್ಕೆ ಕುಳಿತರೆ ಸಾಕು, ಈತ ಬೆನ್ನು ತಿರುಗಿಸಿ ಗೋಡೆ ನೋಡುತ್ತ ನಿಲ್ಲುತ್ತಿದ್ದ! ಯಾರಾದರೂ ರೊಟ್ಟಿ ಕೇಳಿದರೆ ಬುಟ್ಟಿಯನ್ನು ಹಿಂದಕ್ಕೆ ಚಾಚುತ್ತಿದ್ದ. ಕಿಸೆಯಲ್ಲಿ ಕಾಸಿಲ್ಲದವರಿಗೂ ಅದೇ ಬುಟ್ಟಿ.

"ಮಾಮಾ, ಇದೇನ್ರಿ ನಿಮ್ಮ ಅವತಾರ?" ಎಂದು ಒಮ್ಮೆ ಕೇಳಿದ್ದೆ.

"ಉಣ್ಣಾವ್ರ ತಾಟು ನೋಡಬಾರದಲೇ. ನಾ ನೋಡಿದ್ರ ಹಸದಾಂವ ಇನ್ನೊಂದು ರೊಟ್ಟಿಗಿ ನಾಚ್ತಾನ."

ಒಂದು ದಿನ ಖಜೂರಿಯ ಲಾರಿ ಡ್ರೈವರ್ ಉಂಡು, ಕೈ ತೊಳೆದು, ಲಾರಿ ಹತ್ತಿ ಹೋದ ಮೇಲೂ ಮಾವ ಖಾಲಿ ಬೆಂಚಿಗೆ "ತಗೋರಿ, ನಾಚಬ್ಯಾಡ್ರಿ" ಎಂದು ಬುಟ್ಟಿ ಚಾಚಿಕೊಂಡೇ ನಿಂತಿದ್ದ. ನಗದೆ ಏನು ಮಾಡುವುದು?

ಫೋಟೋಗಳಲ್ಲೂ ಬೆನ್ನೇ. ಆಧಾರ್ ಕಾರ್ಡಿನಲ್ಲಿ ಮಾತ್ರ ಒಂದು ಮುಖವಿತ್ತು; ಅದು ಗಂಡನದೇ ಹೌದೋ ಅಲ್ಲವೋ ಎಂದು ಅತ್ತೆಗೇ ಗುಮಾನಿ!

ಈ ವರ್ಷ ಮಾವ ತೀರಿಕೊಂಡ. ಬಸ್ ಸ್ಟ್ಯಾಂಡಿನ ಹಮಾಲರು, ಡ್ರೈವರುಗಳೆಲ್ಲ ಸೇರಿ ಖಾನಾವಳಿಯ ಎದುರಿನ ಗೋಡೆಯ ಮೇಲೆ ಅವನ ಚಿತ್ರ ಬರೆಸುವುದೆಂದಾಯಿತು. ಜೇವರ್ಗಿಯಿಂದ ಪೇಂಟರ್ ಬಂದ. ಬರೆಯುವುದು ಯಾವ ಮುಖವನ್ನು?

"ದಪ್ಪ ಮೀಸಿ ಇತ್ತು ನೋಡ್ರಿ."

"ಎಲ್ಲಿ ಮೀಸಿ? ಇರಲೇ ಇಲ್ಲ!"

ವರ್ಷಗಟ್ಟಲೆ ಅವನ ಕೈಯ ಅನ್ನ ಉಂಡವರಿಗೆ ಅವನ ಮೀಸೆಯ ಸುದ್ದಿಯೇ ಗೊತ್ತಿಲ್ಲ! ನಾನು ದೊಡ್ಡ ಜಾಣನಂತೆ ಕಣ್ಣು, ಮೂಗು ವರ್ಣಿಸಿ ಬರೆಸಿದೆ. ಅತ್ತೆ ನೋಡಿ, "ಇವ್ರು ಯಾರೋ ಬ್ಯಾರೆ" ಎಂದಳು. ಪೇಂಟರ್ ಸುಣ್ಣ ಬಳಿದ. ಅಂದು ನಾನು ಖಾನಾವಳಿಯ ಹಿಂದೆ ಹೋಗಿ ಅತ್ತುಬಿಟ್ಟೆ. ನನ್ನನ್ನು ಎತ್ತಿ ಆಡಿಸಿದ ಮಾವನ ಮುಖ ನನಗೂ ಸರಿಯಾಗಿ ನೆನಪಾಗುತ್ತಿರಲಿಲ್ಲ.

ಮರುದಿನ ಪೇಂಟರ್ ಹೇಳಿದ: "ಸಣ್ಣಾಂವಿದ್ದಾಗ ನಾನೂ ಇಲ್ಲಿ ಉಂಡೇನ್ರಿ. ನಾ ಕಂಡಿದ್ದು ಬರೀತೇನಿ."

ಬರೆದ. ಬಾಗಿದ ಬೆನ್ನು, ಹೆಗಲ ಮೇಲೆ ಟಾವೆಲ್, ಹಿಂದಕ್ಕೆ ಚಾಚಿದ ರೊಟ್ಟಿ ಬುಟ್ಟಿ. ನರೋಣಾ ಬಸ್ಸಿನಿಂದ ಇಳಿದ ಮುದುಕಿಯೊಬ್ಬಳು, "ಅಯ್ಯ, ನಮ್ಮ ಮಾಲಕ್ರು!" ಎಂದು ನಿಂತಲ್ಲೇ ಕೈ ಮುಗಿದಳು. ಹಮಾಲರು ಒಬ್ಬೊಬ್ಬರಾಗಿ ಬಂದು ಗೋಡೆಯ ಮೇಲಿನ ಬುಟ್ಟಿ ಮುಟ್ಟಿದರು.

ಗಂಡ ಸತ್ತಾಗಲೂ ಬಂದವರಿಗೆಲ್ಲ ಊಟಕ್ಕೆ ಏಳಿರೆಂದು ಹೇಳುತ್ತಿದ್ದ ಅತ್ತೆ ಕೊನೆಗೆ ಬಂದಳು. ಮೆಲ್ಲಗೆ ಆ ಬೆನ್ನಿನ ಮೇಲೆ ಕೈಯಿಟ್ಟಳು.

"ಎಲ್ಲಾರೂ ಉಂಡಾರ್ರಿ," ಎಂದಳು. "ಇನ್ನರ ಈ ಕಡಿ ಹೊಳ್ಳಿ ನೋಡ್ರಿ."