ಮುಯ್ಯಿ ಮೇಜು ಹಾಕದ ಮದುವೆ

ಸಾವಿರದ ಒಂಬೈನೂರ ತೊಂಬತ್ತೊಂದರಲ್ಲಿ, ಎಂಟನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆ ಮುಗಿದ ಮೇಲೆ, ನಾನು ಓದು ನಿಲ್ಲಿಸಿದೆ. ಬಿಡಿಸಿದರು ಎಂದು ಯಾರಾದರೂ ಹೇಳಿದರೆ ನಂಬಬೇಡಿ, ನಾನೇ ನಿಲ್ಲಿಸಿದ್ದು. ಗಣಿತದ ಪುಸ್ತಕದಲ್ಲಿ ಬಡ್ಡಿ ಲೆಕ್ಕದ ಪಾಠ ಇನ್ನೂ ನಾಲ್ಕು ಪಾಠ ಮುಂದಿತ್ತು. ಆ ಪಾಠವನ್ನು ಆಮೇಲೆ ಊರಿನವರೇ ಕಲಿಸಿದರು, ಫೀಸು ಮಾತ್ರ ಸ್ವಲ್ಪ ಜಾಸ್ತಿಯಾಯಿತು. ಹರಿಹರದ ಒಂದು ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ತಾಮ್ರದ ತಂತಿ ಸುತ್ತಲು ಕುಳಿತವನು, ಹತ್ತು ವರ್ಷ ಕಳೆಯುವುದರೊಳಗೆ ಅದೇ ಬೀದಿಯಲ್ಲಿ ಸ್ವಂತ ಮಳಿಗೆ ಮಾಡಿಕೊಂಡೆ. ಹತ್ತಡಿಗೆ ಹನ್ನೆರಡಡಿ, ಸ್ವಂತದ್ದು. ಒಂದೇ ಮಾತನ್ನು ಎರಡು ಸಲ ಹೇಳಿದೆ ಎಂದು ನನಗೂ ಗೊತ್ತು. ಬಾಡಿಗೆ ಮನೆಯಲ್ಲಿ ಇರುವವನಿಗೆ ಆ ಮಾತು ಎಷ್ಟು ಸಲ ಹೇಳಿದರೂ ಬೇಸರವಾಗುವುದಿಲ್ಲ.

ಮನೆಗೊಂದು ಬಜೆಟ್ ಇರಬೇಕು ಎಂದು ಈಗ ಎಲ್ಲರೂ ಹೇಳುತ್ತಾರೆ. ಹೇಳುವವರೆಲ್ಲ ತಿಂಗಳ ಮೊದಲ ತಾರೀಖು ಸಂಬಳ ತೆಗೆದುಕೊಳ್ಳುವವರೇ ಎಂಬುದನ್ನು ನಾನು ಗಮನಿಸಿದ್ದೇನೆ. ನನ್ನಂಥವನು ಬಜೆಟ್ ಬರೆದರೆ ಅದು ಮಳೆಯ ಭವಿಷ್ಯ ಬರೆದ ಹಾಗೆ. ಭದ್ರಾ ನಾಲೆಯಲ್ಲಿ ನೀರು ಹರಿದರೆ ಮಲೆಬೆನ್ನೂರು ಕಡೆಯ ಗದ್ದೆಯವರು ಬೋರಿನ ಮೋಟರು ಹಾಕುವುದಿಲ್ಲ. ಹಾಕದ ಮೋಟರು ಸುಡುವುದಿಲ್ಲ. ಸುಡದ ಮೋಟರು ನನ್ನ ಅಂಗಡಿಗೆ ಬರುವುದಿಲ್ಲ. ನಾಲೆ ನಿಂತು, ಕರೆಂಟು ಏರಿಳಿತವಾದ ವಾರ ಟ್ರ್ಯಾಕ್ಟರಿನಲ್ಲಿ ಮೋಟರುಗಳು ಬಂದು ಇಳಿಯುತ್ತವೆ. ಹೀಗಾಗಿ ದೇವರ ಮುಂದೆ ನಿಂತು ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವಾಗ ನಾನು ಸ್ವಲ್ಪ ತಡೆದು ಹೇಳುವವನು.

ಈ ಏರಿಳಿತದ ದುಡ್ಡಿನಲ್ಲಿ ದಾವಣಗೆರೆಯ ವಿನೋಬನಗರದ ನಮ್ಮ ಎರಡು ಕೋಣೆಯ ಮನೆಯನ್ನು ನಡೆಸಿದವಳು ನನ್ನ ಹೆಂಡತಿ ಗಿರಿಜಾ. ಸಂಜೆ ಬಸ್ಸಿಳಿದು ಬಂದು ಜೇಬಿನಲ್ಲಿದ್ದುದನ್ನು ಅವಳ ಕೈಗೆ ಹಾಕಿದರೆ ನನ್ನ ಕೆಲಸ ಮುಗಿಯಿತು. ಲೆಕ್ಕ ಕೇಳುವುದು ಗಂಡಸಿನ ಲಕ್ಷಣವಲ್ಲ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಕೇಳಿದರೆ ಅರ್ಥವಾಗುತ್ತಿರಲಿಲ್ಲ ಎಂಬುದೂ ಒಂದು ಕಾರಣ. ಅವಳ ಖರ್ಚುಗಳಲ್ಲಿ ನನ್ನ ಕಣ್ಣಿಗೆ ಬೀಳುತ್ತಿದ್ದದ್ದು ಒಂದೇ, ಮುಯ್ಯಿ. ಬೇರೆಯವರ ಮದುವೆಗೆ ಹೋದಾಗ ನಾವು ದುಡ್ಡನ್ನೋ ಪಾತ್ರೆಯನ್ನೋ ಕೊಡುವುದು, ನಮ್ಮ ಮನೆಯಲ್ಲಿ ಮದುವೆಯಾದಾಗ ಅವರು ಅದಕ್ಕೆ ಸ್ವಲ್ಪ ಸೇರಿಸಿ ಹಿಂತಿರುಗಿಸುವುದು, ಇದು ನಮ್ಮ ಕಡೆಯ ರೂಢಿ. ಮದುವೆಯ ತಿಂಗಳು ಬಂತೆಂದರೆ ಗಿರಿಜಾ ಓಣಿಯ ಹೆಂಗಸರೊಂದಿಗೆ ಆಟೋದಲ್ಲಿ ತುಂಬಿಕೊಂಡು ಹೊರಡುವಳು.

"ಈ ತಿಂಗಳು ಎಷ್ಟು?" ಎಂದು ಕೇಳುತ್ತಿದ್ದೆ.

"ನಾಕು ಮದುವಿ. ಒಂದು ಗೃಹಪ್ರವೇಶ."

"ನಾನು ದುಡಿಯೋದು ಊರೋರ ಮಕ್ಕಳ ಮದುವಿ ಮಾಡಾಕೇನು?"

"ಅದು ಖರ್ಚಲ್ರೀ. ಇಟ್ಟಿದ್ದು."

"ಎಲ್ಲಿ ಇಟ್ಟಿದಿ, ತೋರ್ಸು."

"ಮನಿಮನಿಯಾಗ."

ನಮ್ಮ ಮನೆಯಾಕೆಗೆ ವಿನೋಬನಗರದ ತುಂಬ ಬ್ಯಾಂಕುಗಳಿವೆ ಎಂದು ನಾನು ಅಂಗಡಿಯಲ್ಲಿ ಹೇಳಿ ನಗಿಸುತ್ತಿದ್ದೆ. ಅವಳು ಏನನ್ನೂ ಬರೆದಿಡುತ್ತಿರಲಿಲ್ಲ. ಆಯಾ ಮದುವೆಯ ಊಟದ ಗುರುತಿನ ಮೇಲೆ ನೆನಪಿಟ್ಟುಕೊಳ್ಳುತ್ತಿದ್ದಳು. ಮಾದಲಿ ಬಡಿಸಿದ ಮದುವೆಗೆ ಐನೂರು, ಬೂಂದಿ ಲಾಡಿನ ಮದುವೆಗೆ ಸಾವಿರ, ಪಾಯಸ ತಳ ಹತ್ತಿದ ಮದುವೆಗೆ ಒಂದು ಸ್ಟೀಲ್ ಕೊಡ. ಇಂಥ ಲೆಕ್ಕವನ್ನು ಯಾವ ಆಡಿಟರು ನೋಡಿಯಾನು.

ಹೋದ ವರ್ಷದ ಹಿಂದಿನ ಶ್ರಾವಣದಲ್ಲಿ, ವಾರ ತುಂಬದ ಜ್ವರದಲ್ಲಿ, ಗಿರಿಜಾ ಹೋದಳು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಆಸ್ಪತ್ರೆಯಲ್ಲಿ ಕೊನೆಯ ದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟು, ಗ್ಯಾಸಿನವನು ಬಂದಿದ್ದನೇ ಎಂದು ಕೇಳಿದಳು. ಬಂದಿದ್ದ ಎಂದೆ. ಬಂದಿರಲಿಲ್ಲ.

ಅಲ್ಲಿಂದ ಮುಂದೆ ಮನೆ ನಡೆಸುವ ಕೆಲಸ ನನ್ನ ಕೈಗೆ ಬಂತು. ಮೂರು ಫೇಸಿನ ಮೋಟರನ್ನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸುವವನು ಕಿರಾಣಿ ಅಂಗಡಿಯ ಮುಂದೆ ನಿಂತು ಸಾಸಿವೆ ಒಂದು ಕೆಜಿ ಕೊಡಿ ಎಂದೆ. ಅಂಗಡಿಯವನು ಯಾವ ಊರಿಗೆ ಅಡುಗೆ ಎಂದು ಕೇಳಿದ. ಆ ಸಾಸಿವೆ ಇನ್ನೂ ಮುಗಿದಿಲ್ಲ. ಅವಳಿದ್ದಾಗ ಅಷ್ಟೇ ದುಡ್ಡು ತಿಂಗಳ ಕೊನೆಯವರೆಗೆ ಬರುತ್ತಿತ್ತು, ನನ್ನ ಕೈಯಲ್ಲಿ ಇಪ್ಪತ್ತನೇ ತಾರೀಖಿಗೇ ಸುಸ್ತಾಗಿ ಕೂರುತ್ತಿತ್ತು. ಕೊನೆಗೆ ನನ್ನ ಮಗಳು ಸುಮಾ ಕರುಣೆ ತೋರಿದಳು. ಒಬ್ಬಳೇ ಮಗಳು, ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವಳು. ಒಂದು ಭಾನುವಾರ ಹಾಳೆ ಹಾಸಿ, ಸ್ಕೇಲಿಟ್ಟು ಗೆರೆ ಎಳೆದು, ಬಾಡಿಗೆ, ದಿನಸಿ, ಗ್ಯಾಸು, ಬಸ್ಸು ಎಂದು ಬರೆಯುತ್ತ ಹೋದಳು. ಕೊನೆಯಲ್ಲಿ ಮುಯ್ಯಿ ಎಂದು ಬರೆದಳು.

"ಅದನ್ನ ಹೊಡಿ," ಎಂದೆ.

"ಅಮ್ಮ ಇದ್ದಿದ್ರೆ ಬಿಡ್ತಿರ್ಲಿಲ್ಲ, ಅಪ್ಪಾಜಿ."

"ಅದಕ್ಕ ಈಗ ಹೊಡಿ ಅಂದಿದ್ದು."

ಅವಳು ಅದರ ಮೇಲೂ ಸ್ಕೇಲಿಟ್ಟೇ ಗೆರೆ ಎಳೆದಳು. ಆ ತಿಂಗಳು ಆರುನೂರು ರೂಪಾಯಿ ಉಳಿಯಿತು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತನಿಗೂ ಬಜೆಟ್ಟಿನ ಮಹತ್ವ ತಿಳಿಸಿದೆ. ಅವನು ನಿದ್ದೆ ಬಂದವನಂತೆ ನಟಿಸಿದ.

ಮರುವರ್ಷ ಸುಮಾಗೆ ಸಂಬಂಧ ಕೂಡಿ ಬಂತು. ಹುಡುಗ ರಾಣೆಬೆನ್ನೂರಿನವನು, ಬೀಜದ ಕಂಪನಿಯಲ್ಲಿ ಕೆಲಸ, ಮಾತು ಕಡಿಮೆ. ವರದಕ್ಷಿಣೆ ಕೇಳಲಿಲ್ಲ. ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡಿ ಎಂದರು. ಚೆನ್ನಾಗಿ ಎಂಬ ಪದಕ್ಕೆ ಬಜೆಟ್ಟಿನಲ್ಲಿ ಎಷ್ಟು ಬರೆಯಬೇಕೆಂದು ಸುಮಾ ಕಲಿಸಿರಲಿಲ್ಲ. ಕಲ್ಯಾಣ ಮಂಟಪ, ಅಡುಗೆಯವರು, ಒಂದಿಷ್ಟು ಬಂಗಾರ, ಎಲ್ಲ ಕೂಡಿಸಿದಾಗ ನನ್ನ ಉಳಿತಾಯ ಕಳೆದು ಮೂರು ಲಕ್ಷ ಕಡಿಮೆ ಬಿತ್ತು. ನನ್ನ ಮಳಿಗೆಯ ಪಕ್ಕದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಶೇಖರಪ್ಪನವರು ಬಹಳ ವರ್ಷದಿಂದ ನಮ್ಮ ನಡುವಿನ ಗೋಡೆಯನ್ನು ಪ್ರೀತಿಯಿಂದ ನೋಡುತ್ತಿದ್ದವರು. ಅವರೇ ಮೂರು ಲಕ್ಷ ಕೊಟ್ಟರು. ಯುಗಾದಿಯೊಳಗೆ ಹಿಂತಿರುಗಿಸಿದರೆ ಸರಿ, ಇಲ್ಲದಿದ್ದರೆ ಮಿಕ್ಕ ಬೆಲೆ ಕೊಟ್ಟು ಮಳಿಗೆ ಅವರು ತೆಗೆದುಕೊಳ್ಳುವುದು ಎಂದು ಮಾತಾಯಿತು. ಬೇಸಿಗೆಗೆ ನಾಲೆ ನಿಲ್ಲುತ್ತದೆ, ಮೋಟರುಗಳು ಸುಡುತ್ತವೆ, ತೀರಿಸುತ್ತೇನೆ ಎಂಬುದು ನನ್ನ ಅಂದಾಜು.

ಆ ದಿನಗಳಲ್ಲೇ ಹರಿಹರದ ಒಂದು ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕುಳಿತಿದ್ದೆ. ಹಿಂದಿನ ಮೇಜಿನ ಪರಿಚಯದ ದನಿಗಳಲ್ಲಿ ನನ್ನ ಹೆಸರು ಕೇಳಿಸಿತು.

"ಕೊಟ್ರಪ್ಪನ ಮಗಳ ಮದುವಿ ಐತಂತೆ."

"ಪಾಪ, ಹೆಂಡ್ತಿ ಇಲ್ಲದೋನು. ಮುಯ್ಯಿ ಸ್ವಲ್ಪ ಜಾಸ್ತಿನೇ ಹಾಕಾನ ಬಿಡು."

ಮೂವತ್ತು ವರ್ಷದ ಕೆಲಸದಲ್ಲಿ ನನಗೆ ಎಷ್ಟೋ ಸಲ ಕರೆಂಟು ಹೊಡೆದಿದೆ. ಆ 'ಪಾಪ' ಹೊಡೆದ ಹಾಗೆ ಯಾವುದೂ ಹೊಡೆದಿರಲಿಲ್ಲ. ಚಹಾ ಅರ್ಧಕ್ಕೆ ಬಿಟ್ಟು ನೇರ ಪ್ರೆಸ್ಸಿಗೆ ಹೋದೆ. ಲಗ್ನಪತ್ರಿಕೆಯ ಕೆಳಗೆ ಒಂದು ಸಾಲು ಸೇರಿಸಲು ಹೇಳಿದೆ: ಮುಯ್ಯಿ, ಉಡುಗೊರೆ ಸ್ವೀಕರಿಸುವುದಿಲ್ಲ, ತಮ್ಮ ಆಶೀರ್ವಾದವೇ ಸಾಕು.

ಪ್ರೆಸ್ಸಿನವನು ಕನ್ನಡಕ ಮೇಲೇರಿಸಿದ. "ಯಜಮಾನ್ರೆ, ಇದನ್ನ ಮನಿ ಹೆಂಗಸರಿಗೆ ಒಂದು ಮಾತು ಕೇಳಿದ್ರೇನ್ರಿ?"

"ನಮ್ಮ ಮನಿಯಾಗ ಹೆಂಗಸರಿಲ್ಲ."

ಅವನು ಕನ್ನಡಕ ಮತ್ತೆ ಕೆಳಗಿಳಿಸಿ, "ಹಂಗಾರೆ ದಪ್ಪ ಅಕ್ಷರದಾಗ ಹಾಕ್ತೀನಿ ತಗೊಳ್ರಿ," ಎಂದ.

ಅಚ್ಚಾದ ಪತ್ರಿಕೆ ತಂದು ಸುಮಾಗೆ ಕೊಟ್ಟೆ. ತನ್ನ ಮದುವೆಯ ದುಡ್ಡಿನ ಮಾತನ್ನು ಹುಡುಗಿ ತಾನೇ ಹೇಗೆ ಎತ್ತಿಯಾಳು. ಆ ಸಾಲಿನ ಮೇಲೆ ಬೆರಳಿಟ್ಟು, ಒಂದು ಸಲ ಉಜ್ಜಿ ನೋಡಿ, ಇಟ್ಟುಬಿಟ್ಟಳು.

ಮದುವೆಯ ದಿನ ಮಂಟಪದ ಬಾಗಿಲಲ್ಲಿ ಮುಯ್ಯಿ ಬರೆದುಕೊಳ್ಳುವ ಮೇಜು ಹಾಕಿಸಲಿಲ್ಲ. ನಮ್ಮ ಜನರಿಗೆ ಅದು ಎಂಥ ತೊಂದರೆಯಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಬಂದವರು ತಾಳಿ ಕಟ್ಟುವುದನ್ನು ನೋಡಲಿಲ್ಲ, ಮೇಜು ಹುಡುಕಿದರು. ಹೆಂಗಸರು ಸೆರಗಿನಡಿ ಕವರು ಹಿಡಿದು ಮಂಟಪವನ್ನು ಪ್ರದಕ್ಷಿಣೆ ಹಾಕಿದರು. "ಮೇಜೆಲ್ಲೈತ್ರಿ?" ಎಂದು ಅಡುಗೆಯವರನ್ನೂ ಕೇಳಿದರಂತೆ, ಅವರು ಊಟದ ಮೇಜು ತೋರಿಸಿದರಂತೆ. ಒಬ್ಬರು ಎಲೆಯ ಕೆಳಗೆ ಕವರು ಇಟ್ಟು ಎದ್ದುಹೋದರು. ನಾನು ಓಡಿಹೋಗಿ ಆಟೋ ಹತ್ತುತ್ತಿದ್ದವರ ಕೈಗೆ ಅದನ್ನು ತುರುಕಿ ಬಂದೆ. ಮಲೆಬೆನ್ನೂರು ಕಡೆಯ ಹಿರಿಯರೊಬ್ಬರು ಬಸ್ಸಿನಲ್ಲಿ ಒಂದು ಮೂಟೆ ಅಕ್ಕಿ ತಂದಿದ್ದರು. "ನಿಮ್ಮ ಮನಿಯಾಕಿ ನಮ್ಮ ಹುಡುಗಿಗೆ ಕಾಲುಂಗುರ ಮಾಡಿಸಿ ಹಾಕಿದ್ಲಪ್ಪ, ಇದನ್ನರ ಇಟ್ಗ," ಎಂದರು. ನಾನು ಕೈ ಮುಗಿದು, ಪತ್ರಿಕೆಯಲ್ಲಿ ಅಚ್ಚಾಗಿದೆಯಲ್ಲ ಎಂದೆ. ಅಜ್ಜ ಓದು ಬರದವರು. ಮೂಟೆ ಊಟ ಮಾಡದೆ, ಮತ್ತೆ ಲಗೇಜು ಚೀಟಿ ಹರಿಸಿಕೊಂಡು ಊರಿಗೆ ಹೋಯಿತು. ಊಟ ಮಾಡಿದಿರಾ ಎಂದು ಅಜ್ಜನನ್ನು ಕೇಳಿದೆನೋ ಇಲ್ಲವೋ, ನೆನಪಿಲ್ಲ. ಆ ದಿನ ನಾನು ಬಹಳ ಎತ್ತರವಾಗಿ ನಡೆದಾಡುತ್ತಿದ್ದೆ.

ಮದುವೆಯಾಯಿತು. ಸುಮಾ ಹೋದಳು. ಬೇಸಿಗೆ ಬಂತು, ಆದರೆ ಆ ವರ್ಷ ನಾಲೆಯಲ್ಲಿ ನೀರು ಬಿಟ್ಟೇ ಬಿಟ್ಟರು. ಗದ್ದೆಗಳೆಲ್ಲ ಹಸಿರಾದವು. ನನ್ನ ಮಳಿಗೆಯಲ್ಲಿ ದಿನಕ್ಕೊಂದು ಮಿಕ್ಸಿ ಬಂದರೆ ಅದೇ ಹಬ್ಬ. ಶೇಖರಪ್ಪನವರು ಟೇಪು ಹಿಡಿದು ಗೋಡೆ ಅಳೆಯಲು ಬಂದರು. ಸುಮ್ಮನೆ ನೋಡುತ್ತೇನೆ ಎಂದರು.

ಯುಗಾದಿಗೆ ಹದಿನೈದು ದಿನವಿರುವಾಗ ನಮ್ಮ ಓಣಿಯ ಹಾಲಮ್ಮ ಬಂದು ಹೊಸ್ತಿಲಲ್ಲಿ ಕುಳಿತಳು. ಗಿರಿಜಾಳಿಗಿಂತ ಒಂದೆರಡು ವರ್ಷ ಸಣ್ಣವಳು, ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವಳು. ಒಳಗೆ ಬಾ ಎಂದರೂ ಬರಲಿಲ್ಲ.

"ನೀವು ದೊಡ್ಡೋರಾದ್ರಿ, ಕೊಟ್ರಪ್ಪಣ್ಣ. ನಮ್ಮುನ್ನ ಸಾಲಗಾರರ ಮಾಡಿದ್ರಿ."

"ನಾನೇನು ಕೊಟ್ಟೀನಮ್ಮ ನಿನಗೆ?"

"ನೀವೆಲ್ಲಿ ಕೊಡ್ತೀರಿ. ಗಿರಿಜಕ್ಕ ಕೊಟ್ಟಿದ್ಲು. ನನ್ನ ದೊಡ್ಡಾಕಿ ಮದುವಿಗೆ ಐದು ಸಾವಿರ, ಸಣ್ಣಾಕಿಗೆ ಎಂಟು. ಸುಮಾನ ಮದುವಿಗೆ ಕೊಡೀಯಂತೆ ತಗಾ ಅಂದಿದ್ಲು. ನಾನೊಬ್ಬಾಕಿ ಅಲ್ಲ, ಈ ಓಣಿಯಾಗ ಅಷ್ಟೂ ಮನಿಗೆ ಹಂಗೇ. ಎಲ್ಲಾರೂ ಕೂಡಿ ಲೆಕ್ಕ ಹಾಕಿದ್ವಿ, ಮೂರು ಲಕ್ಷದ ಹತ್ರ ಬಂತು. ಮದುವಿ ಖರ್ಚು ಅದ್ರಾಗ ಎತ್ತಬೇಕಂತ ಇತ್ತು ಆಕಿಗೆ. ಮಳಿಗಿ ಮುಟ್ಟಬಾರದು, ಅದು ಅವರ ಜೀವ ಅನ್ನಾಕಿ."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಹುಟ್ಟಿದಾರಭ್ಯ ಯಾರ ಮುಂದೆಯೂ ಕೈ ಚಾಚಿದವನಲ್ಲ. ಆದರೂ ಗೋಡೆಯನ್ನು ನೋಡುತ್ತ, "ಹೋಗ್ಲಿ ಬಿಡಮ್ಮ. ಅಷ್ಟು ಬ್ಯಾಸರ ಆಗಿದ್ರೆ ಈಗ ಕೊಡ್ರಿ. ನಾನೇನು ಬ್ಯಾಡ ಅನ್ನಾಕಿಲ್ಲ," ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಕೆಳಗೆ ಬಾಗಿದ್ದು ಅದೇ ಮೊದಲು.

ಹಾಲಮ್ಮ ತಲೆ ಅಲ್ಲಾಡಿಸಿದಳು. ಅವಳ ಕಣ್ಣು ತುಂಬಿತ್ತು, ಆದರೆ ದನಿ ಗಟ್ಟಿಯಾಗಿಯೇ ಇತ್ತು.

"ಈಗ ಹೆಂಗೆ ಕೊಡಾಕ ಬರ್ತೈತಣ್ಣ? ಕಾರ್ಯ ಇಲ್ಲದ ಮನಿಗೆ ದುಡ್ಡು ಕೊಟ್ರೆ ಅದು ಮುಯ್ಯಿ ಅಲ್ಲ, ಧರ್ಮ. ನಿಮಗೆ ಧರ್ಮ ಕೊಡಾಕ ನಾನ್ಯಾರು? ಗಿರಿಜಕ್ಕ ಮೇಲಿಂದ ನೋಡಿದ್ರೆ ನನ್ನ ಮಕಕ್ಕ ಉಗೀತಾಳೆ."

"ನಾಳೆ ಸುಮಾ ಬಸರಾದ್ರೆ, ಆಕಿ ಕುಬಸಕ್ಕರ?"

"ಕುಬಸಕ್ಕ ಸೀರಿ ತರ್ತೀವಿ, ಬಳಿ ತರ್ತೀವಿ. ಅದು ಆ ಹುಡುಗೀದು. ಮದುವಿ ಮುಯ್ಯಿ ಮದುವಿಗೇ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಈ ಮನಿಯಾಗ ಇನ್ನೊಂದು ಮದುವಿ ಅಂದ್ರೆ ನಿಮ್ದೇ ಆಗ್ಬೇಕು ನೋಡ್ರಿ. ಹುಡುಗೀನ ನಾನೇ ಹುಡುಕ್ತೀನಿ. ಮೇಜು ಹಾಕ್ಸಿ ಮತ್ತ."

ಗಿರಿಜಾ ಹೋದ ಮೇಲೆ ಆ ಮನೆಯಲ್ಲಿ ನಾನು ಜೋರಾಗಿ ನಕ್ಕದ್ದು ಅಂದೇ. ಅವಳೂ ನಕ್ಕಳು. ಆಮೇಲೆ ಇಬ್ಬರಿಗೂ ನಗು ನಿಲ್ಲಿಸುವುದು ಹೇಗೆಂದು ತಿಳಿಯಲಿಲ್ಲ. ಹಾಲಮ್ಮ ಎದ್ದು ಮುಖ ತಿರುಗಿಸಿಕೊಂಡು ಹೋದಳು. ನಾನು ಒಳಗೆ ಹೋಗಿ ಒಲೆ ಹಚ್ಚಿದೆ. ಅದರ ಮೇಲೆ ಏನನ್ನೂ ಇಡಲಿಲ್ಲ.

ಹಾಲಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ನಾನೂ ಕೊಡುತ್ತಿರಲಿಲ್ಲ. ಮಾನವಂತರು ಮಾನವಂತರ ನಡುವೆ ಬದುಕಿದರೆ ಹೀಗೇ. ದುಡ್ಡು ಎಲ್ಲರ ಮನೆಯಲ್ಲೂ ಇರುತ್ತದೆ, ಯಾರಿಗೂ ಸಿಗುವುದಿಲ್ಲ. ಅವಳು ಮುಂದಿನ ತಿಂಗಳು ಒಂದು ಡಬರಿ ಮಂಡಕ್ಕಿ ತಂದುಕೊಟ್ಟಳು. ಇದು ಲೆಕ್ಕಕ್ಕಲ್ಲ ಎಂದು ಎರಡು ಸಲ ಹೇಳಿದಳು.

ಯುಗಾದಿಯ ಮರುದಿನ ಮಳಿಗೆಯ ಬೀಗದ ಕೈ ಕೊಟ್ಟೆ. ಶೇಖರಪ್ಪನವರು ಒಳ್ಳೆಯವರು, ಮಿಕ್ಕ ಬೆಲೆಯನ್ನು ಅಲ್ಲೇ ಎಣಿಸಿಕೊಟ್ಟರು. ಮದುವೆಯ ಖರ್ಚು ಅಂದಾಜು ಮೀರಿ ಅಡುಗೆಯವರಿಗೂ ಮಂಟಪಕ್ಕೂ ಉಳಿದಿದ್ದ ಬಾಕಿಗೆ ಅದು ಸರಿಹೋಯಿತು. ವಾರದೊಳಗೆ ಗೋಡೆ ಒಡೆಸಿದರು. ಈಗ ಅಲ್ಲಿ ಪೈಪುಗಳನ್ನು ಉದ್ದುದ್ದಕ್ಕೆ ಮಲಗಿಸಿದ್ದಾರೆ. ನಾನು ದಾವಣಗೆರೆಯಲ್ಲೇ ಕರೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೋಟರುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ತಿಂಗಳ ಮೊದಲ ತಾರೀಖು ಸಂಬಳ ಬರುತ್ತದೆ. ಬಜೆಟ್ ಬರೆದರೆ ಪೈಸೆಗೆ ಪೈಸೆ ತಾಳೆಯಾಗುತ್ತದೆ. ಇಷ್ಟು ಸಲೀಸಾಗಿ ನಡೆಯುವ ಮನೆ ನನ್ನದಾಗುತ್ತದೆಂದು ನಾನು ಅಂದುಕೊಂಡಿರಲಿಲ್ಲ. ತೋರಿಸಲು ಯಾರೂ ಇಲ್ಲ, ಅದೊಂದು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಸಂಬಳ ಹದಿನೇಳು ಸಾವಿರ. ಬ್ಯಾಂಕಿನಲ್ಲಿ ನಾಲ್ಕು ಸಾವಿರದ ಇನ್ನೂರು. ಸಾಲ ಇಲ್ಲ. ಮಂಚದ ಕೆಳಗೆ ಶೇಖರಪ್ಪನವರು ಬೇಡವೆಂದು ಬಿಟ್ಟ ತಂತಿ ಸುತ್ತುವ ಕೈಮಿಷನ್ನು ಒಂದು. ರಾಣೆಬೆನ್ನೂರಿನಲ್ಲಿ ಮಗಳು ಒಬ್ಬಳು. ಓಣಿಯ ಮನೆಮನೆಯಲ್ಲಿ ಮೂರು ಲಕ್ಷದ ಹತ್ತಿರ, ಯಾರೂ ಇಲ್ಲವೆನ್ನುವುದಿಲ್ಲ, ಯಾರೂ ಕೊಡುವುದಿಲ್ಲ. ಹಂಚದೆ ಉಳಿದ ಲಗ್ನಪತ್ರಿಕೆ ನೂರಾ ಹನ್ನೆರಡು, ಹಿಂಭಾಗ ಖಾಲಿ ಇದೆ. ತಿಂಗಳಿಗೊಂದರಂತೆ ಅದರ ಮೇಲೆಯೇ ಬಜೆಟ್ ಬರೆಯುತ್ತೇನೆ. ಒಂಬತ್ತು ವರ್ಷ ಕಾಗದದ ಖರ್ಚಿಲ್ಲ.