ಕೊಳಚೆಗೆ ಪ್ರವೇಶವಿಲ್ಲ

ಬಂದರು ನಗರದ ಅಡಿಯಲ್ಲಿ ಕೊರೆದ ಆಳ ಕೊಳಚೆ ಸುರಂಗವು ಎಲ್ಲ ರೀತಿಯಿಂದಲೂ ಯಶಸ್ವಿಯಾಗಿತ್ತು. ಕೊಳಚೆಯೊಂದನ್ನು ಮಾತ್ರ ಇನ್ನೂ ಅದರೊಳಗೆ ಬಿಟ್ಟಿರಲಿಲ್ಲ.

ಇದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಉದ್ಘಾಟನೆಯ ದಿನ ಮಂತ್ರಿಗಳು ಲಿಫ್ಟಿನಲ್ಲಿ ಕೆಳಗಿಳಿದು, ಫಳಫಳ ಹೊಳೆಯುವ ಗೋಡೆ ಸವರಿ, "ಆಹಾ, ಎಷ್ಟು ಚೊಕ್ಕವಾಗಿದೆ! ಹೀಗೇ ಇಟ್ಟುಕೊಳ್ಳಿ" ಎಂದಿದ್ದರು. ಮಂತ್ರಿಗಳು ಆಸ್ಪತ್ರೆಗೆ ಹೋದರೂ ಶಾಲೆಗೆ ಹೋದರೂ ಅದನ್ನೇ ಹೇಳುವವರು. ಆದರೆ ಸುರಂಗ ಇಲಾಖೆ ಅದನ್ನು ಆದೇಶವೆಂದು ಶಿರಸಾವಹಿಸಿ, ಸಂಜೆಯೊಳಗೆ ಬಾಗಿಲಿಗೆ ಫಲಕ ಹೊಡೆಯಿತು: "ಕೊಳಚೆಗೆ ಪ್ರವೇಶವಿಲ್ಲ."

ಇದರಿಂದ ಎಲ್ಲರಿಗಿಂತ ಹೆಚ್ಚು ತಲೆ ಕೆಟ್ಟಿದ್ದು ಹಡಗುಕಟ್ಟೆಯ ಹಿಂದಿನ ಓಣಿಯ ಟೈಲರಮ್ಮನಿಗೆ. ಸಮುದ್ರ ಉಬ್ಬಿದಾಗಲೆಲ್ಲ ಆ ಓಣಿಯ ಚರಂಡಿಯೂ ಉಬ್ಬುತ್ತಿತ್ತು. ಊರೆಲ್ಲ ಬೆಳಿಗ್ಗೆ ಬೀಳ್ಕೊಟ್ಟದ್ದು ಮಧ್ಯಾಹ್ನದ ಹೊತ್ತಿಗೆ ಅವಳ ಬಚ್ಚಲಿಗೆ ಕರೆಯದ ನೆಂಟರ ಹಾಗೆ ಬಂದು ಕೂರುತ್ತಿತ್ತು. ಹೊಲಿಗೆ ಯಂತ್ರವನ್ನು ಮಂಚದ ಮೇಲೇರಿಸಿ ಹೊಲಿಯುವುದು ಅವಳಿಗೆ ಅಭ್ಯಾಸವಾಗಿತ್ತು. ಆದರೆ ಈಗ ಸೊಸೆ ತವರಿನಲ್ಲಿ ಹೆತ್ತಿದ್ದಳು. ಮೊಮ್ಮಗಳನ್ನು ಕಳಿಸಿ ಎಂದು ಕೇಳಲು ಹೋದರೆ ಬೀಗಿತ್ತಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು.

"ನೋಡಿ ಬೀಗ್ರೇ, ನಿಮ್ಮನೆಗೆ ಬಂದಾಗ ನನ್ನ ಚಪ್ಪಲಿ ತೇಲಿ ಹೋಯ್ತು, ಸುಮ್ಮನಿದ್ದೆ. ಕೂಸನ್ನ ತೇಲಿಸೋಕೆ ಮಾತ್ರ ಕೊಡಲ್ಲ. ನೆಲ ಒಣಗಿಸಿ, ಆಮೇಲೆ ಬನ್ನಿ."

ಬಂದರಿನಲ್ಲಿ ಕ್ರೇನ್ ಓಡಿಸುವ ಮಗ ಪಕ್ಕದಲ್ಲೇ ಇದ್ದ. ಸರಕು ಎತ್ತಿಳಿಸಿ ರೂಢಿಯಾದವನಂತೆ ಎರಡೂ ಹುಬ್ಬು ಎತ್ತಿದ, ಇಳಿಸಿದ. ಅದಕ್ಕಿಂತ ಹೆಚ್ಚಿನ ನೆರವು ಅವನಿಂದ ಆಗಲಿಲ್ಲ.

ಟೈಲರಮ್ಮ ಅಲ್ಲಿಂದ ನೇರ ಸುರಂಗ ಇಲಾಖೆಗೆ ನುಗ್ಗಿದಳು. ಸುರಂಗಕ್ಕೆ ಬೂಟು ನಿಷಿದ್ಧವಾದ್ದರಿಂದ ಸುರಂಗಾಧಿಕಾರಿಗಳು ಬರೀ ಕಾಲುಚೀಲದಲ್ಲಿ ಕೂತಿದ್ದರು.

"ಸಾರ್, ನಮ್ಮ ಓಣಿ ಕೊಳಚೇನ ಯಾವಾಗ ಒಳಗೆ ತಗೋತೀರಿ?"

"ಅರ್ಹ ಕೊಳಚೆ ಆದ್ರೆ ಇವತ್ತೇ ತಗೋತೀವಮ್ಮ. ಬಣ್ಣ ಇರಬಾರದು, ವಾಸನೆ ಇರಬಾರದು, ತೇಲೋದು ಮುಳುಗೋದು ಏನೂ ಇರಬಾರದು."

ಟೈಲರಮ್ಮ ಅವರ ಮೇಜಿನ ಮೇಲಿದ್ದ ಲೋಟವನ್ನೇ ಎತ್ತಿಕೊಂಡು ಹೋಗಿ, ನಲ್ಲಿಯಲ್ಲಿ ತುಂಬಿಸಿ ತಂದು ಕುಕ್ಕಿದಳು. ಅಧಿಕಾರಿಗಳು ಅದನ್ನು ಬೆಳಕಿಗೆ ಹಿಡಿದರು, ಮೂಸಿದರು, ಕೊನೆಗೆ ಕುಡಿದರು.

"ಇದು ಕುಡಿಯೋ ನೀರಮ್ಮ. ಕುಡಿಯೋ ನೀರನ್ನ ಕೊಳಚೆ ಸುರಂಗಕ್ಕೆ ಬಿಟ್ರೆ ಜನ ಉಗೀತಾರೆ."

"ಈಗ ಉಗೀತಿಲ್ವಾ?"

"ಈಗ ರಸ್ತೇಲಿ ಉಗೀತಾರೆ. ಅದು ನಗರಸಭೆಗೆ ಸೇರಿದ್ದು."

ಟೈಲರಮ್ಮ ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದಳು. "ಹೋಗ್ಲಿ, ಮನುಷ್ಯರನ್ನ ಬಿಡ್ತೀರಾ?"

ಅಧಿಕಾರಿಗಳು ನಿಯಮಾವಳಿ ತಿರುವಿದರು. ಕೊಳಚೆ, ಇಲಿ, ಬೂಟು ಮೂರನ್ನೂ ನಿಷೇಧಿಸಲಾಗಿತ್ತು. ಮನುಷ್ಯರ ಸುದ್ದಿಯೇ ಇರಲಿಲ್ಲ. "ಅಭ್ಯಂತರವಿಲ್ಲ" ಎಂದು, ಅವಳನ್ನು ದೂರದಿಂದಲೇ ಒಮ್ಮೆ ಮೂಸಿ, ಅಪ್ಪಣೆ ಕೊಟ್ಟರು.

ಮಂಚ, ಯಂತ್ರ, ಮಗ ಎಲ್ಲವೂ ಲಿಫ್ಟಿನಲ್ಲಿ ಇಳಿದವು. ಪರೀಕ್ಷಿಸಲು ಬಂದ ಬೀಗಿತ್ತಿ ಗೋಡೆಗೆ ಬೆರಳುಜ್ಜಿ, ಬೆರಳನ್ನು ದೀಪಕ್ಕೆ ಹಿಡಿದು, "ನಮ್ಮನೆಗಿಂತ ಚೊಕ್ಕ ಇದೆ" ಎಂದಳು. ಅಂದದ್ದೇ ನಾಲಗೆ ಕಚ್ಚಿಕೊಂಡು, "ಸ್ವಲ್ಪ ತಂಡಿ" ಎಂದು ಸೇರಿಸಿದಳು. ಸೊಸೆಯೂ ಕೂಸೂ ಬಂದರು, ಬಾಣಂತನಕ್ಕೆಂದು ಬೀಗಿತ್ತಿಯೂ ಉಳಿದಳು.

ಬೆನ್ನಿಗೇ ಓಣಿ ಬಂತು. ಓಣಿಯ ಬೆನ್ನಿಗೆ ಅರ್ಧ ಊರು ಬಂತು. ಇಲಾಖೆ ಪ್ರಕಟಣೆ ಹೊರಡಿಸಿತು: "ಸುರಂಗವಾಸಿಗಳು ಶೌಚಕ್ಕೆ ನಗರವನ್ನು ಬಳಸತಕ್ಕದ್ದು. ಲಿಫ್ಟಿನಲ್ಲಿ ಅವಸರದವರಿಗೆ ಆದ್ಯತೆ. ಅವಸರವನ್ನು ಮುಖಭಾವದಿಂದ ಸಾಬೀತುಪಡಿಸತಕ್ಕದ್ದು." ಜನ ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಮೇಲೆ ಬ್ಯಾಂಕಿನ ಮುಂದೆಯೋ ನ್ಯಾಯಾಲಯದ ಹಿಂದೆಯೋ ಮುಗಿಸಿ, ಕೈಕಾಲು ತೊಳೆದು, ಕೊಳಚೆ ಸುರಂಗಕ್ಕೆ ಮರಳಿ ಶುಚಿಯಾಗಿ ಬದುಕತೊಡಗಿದರು.

ಕೂಸಿಗೆ ಪ್ರಕಟಣೆ ಓದಲು ಬರುತ್ತಿರಲಿಲ್ಲ. ಅದಕ್ಕೆಂದೇ ಟೈಲರಮ್ಮ ಮಡಿಕೆ ಮೇಲೆ ಮಡಿಕೆ ಹಾಕಿ ಲಂಗೋಟಿ ಹೊಲಿದು, ಒದ್ದೆಯಾಗುವ ಮೊದಲೇ ಮೇಲಕ್ಕೆ ಹೊತ್ತೊಯ್ಯುತ್ತಿದ್ದಳು. ಒಂದು ಮಧ್ಯಾಹ್ನ ಲಂಗೋಟಿ ಜಾರಿತು. ಹೊಳೆಯುವ ನೆಲದ ಮೇಲೆ ಸಣ್ಣದೊಂದು ಹಳದಿ ಕಾಲುವೆ ಹರಿದು, ಅದರ ದಡದಲ್ಲಿ ಇನ್ನೂ ಗಟ್ಟಿಯಾದದ್ದೊಂದು ನೆಲೆನಿಂತಿತು. ಸೈರನ್ ಕೂಗಿತು, ಅಧಿಕಾರಿಗಳು ಕಾಲುಚೀಲದಲ್ಲೇ ಓಡಿ ಬಂದರು.

ಬೀಗಿತ್ತಿ ಆಗಲೇ ಚೀಲಕ್ಕೆ ಬಟ್ಟೆ ತುರುಕುತ್ತಿದ್ದಳು. "ನಡಿಯೇ ಮಗಳೇ. ಇವರು ಹೊರಗೆ ಹಾಕ್ತಾರೆ, ಮತ್ತೆ ಅದೇ ಬಚ್ಚಲಿಗೆ ಹೋಗ್ಬೇಕು. ಕೂಸನ್ನ ಕೊಡಿ ಬೀಗ್ರೇ!"

ಟೈಲರಮ್ಮ ಕೂಸನ್ನು ಎದೆಗೆ ಅವುಚಿಕೊಂಡು ಅಧಿಕಾರಿಗಳ ಎದುರು ನಿಂತಳು.

"ಸಾರ್, ಕೂಸಿನ ತಂಟೆಗೆ ಬರಬೇಡಿ. ಅದನ್ನ ನಾನೇ ಮಾಡಿದ್ದು ಅಂತ ಬರ್ಕೊಳ್ಳಿ."

ಅಧಿಕಾರಿಗಳಿಗೆ ಅವಳ ಮಾತು ಕೇಳಿಸಲೇ ಇಲ್ಲ. ಕಾಲುವೆಯ ಪಕ್ಕ ಮಂಡಿಯೂರಿ ಕೂತಿದ್ದ ಅವರ ಕಣ್ಣು ತುಂಬಿತ್ತು.

"ಬಂತಮ್ಮ, ಬಂತು! ಹರಿವು ಸೊನ್ನೆ, ಹರಿವು ಸೊನ್ನೆ ಅಂತ ಬರೆದು ಬರೆದು ಕೈ ಸೋತಿತ್ತು."

"ಮತ್ತೆ ಮಂತ್ರಿಗಳ ಆದೇಶ?"

"ಹಾಲು ಕುಡಿಯೋ ಕೂಸಿಂದು ಕೊಳಕಲ್ಲ ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ. ಕೊಳಕಲ್ಲ, ಆದ್ರೆ ಕೊಳಚೆ. ಇಂಥದ್ದಕ್ಕೇ ಅಲ್ವಾ ನಾವು ಸುರಂಗ ತೋಡಿದ್ದು!"

ಯೋಜನೆ ಕಾರ್ಯಾರಂಭಗೊಂಡಿತೆಂದು ಪತ್ರಿಕೆಗಳಲ್ಲಿ ಬಂತು. ಕೂಸು ಸುರಂಗದ ಏಕೈಕ ಅಧಿಕೃತ ಬಳಕೆದಾರ ಎನಿಸಿಕೊಂಡಿತು, ಟೈಲರಮ್ಮ ಹರಿವು ಮೇಲ್ವಿಚಾರಕಿಯಾದಳು. ಬೀಗಿತ್ತಿ ಚೀಲ ಬಿಚ್ಚಿ, "ನಮ್ಮ ಕಡೆಯವರೆಲ್ಲ ಹಾಗೇ, ಯಾವುದನ್ನೂ ತಡೆಹಿಡಿಯೋರಲ್ಲ" ಎಂದು ಬಂದವರಿಗೆಲ್ಲ ಹೇಳಿಕೊಂಡಳು.

ಕಷ್ಟ ಬಂದದ್ದು ಕೂಸು ನಡೆಯಲು ಕಲಿತಮೇಲೆ. ಒಂದು ದಿನ ಅದು ಮುಖವನ್ನು ನಿಯಮದಂತೆ ಹಿಂಡಿಕೊಂಡು ತಾನೇ ಲಿಫ್ಟಿನ ಕಡೆ ಓಡಿತು. ಹರಿವು ನಿಂತಿತು. ಅಧಿಕಾರಿಗಳು ಮುಖ ಬಾಡಿಸಿಕೊಂಡು ಬಂದು ಸೊಸೆಯ ಮುಂದೆ ಕೂತರು.

"ಎರಡನೇ ಹಂತ ಯಾವಾಗ ಶುರು ಮಾಡ್ಬಹುದಮ್ಮ? ಮೇಲಿನವರು ಕೇಳ್ತಿದ್ದಾರೆ."

ಅಂಗಿಗೆ ಗುಂಡಿ ಹಚ್ಚುತ್ತಿದ್ದ ಸೊಸೆ ತಲೆಯೆತ್ತಲಿಲ್ಲ. ಹಲ್ಲಿನಿಂದ ದಾರ ಕಡಿದು, "ಟೆಂಡರ್ ಕರೀರಿ" ಎಂದಳು.

ಅಧಿಕಾರಿಗಳು ಬರೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಪ್ರಕಟಣೆ ಗೋಡೆಗೆ ಬಂತು. ಅನುಭವವುಳ್ಳವರಿಗೆ ಆದ್ಯತೆ ಎಂದಿತ್ತು. ಕ್ರೇನ್ ಓಡಿಸುವ ಮಗ ಕೆಲಸಕ್ಕೆ ರಜೆ ಹಾಕಿ, ತಲೆ ಬಾಚಿಕೊಂಡು, ಉದ್ದನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತ. ಅನುಭವದ ಪುರಾವೆಯಾಗಿ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ.